ಆ ವರ್ಷ ನನಗೆ ಕಾಮಾಲೆ ಆಗಿರಲಿಲ್ಲ

ಪುಟ್ಟಿ,

ಭಾನುವಾರ ನಿನ್ನ ಮಾವನ ಎದುರಿಗೆ, ನಿನ್ನ ಎಂಎಸ್ಸಿಯ ಲೈಂಗಿಕತೆ ಪೇಪರಿನ ಬಗ್ಗೆ ನಾನಾಡಿದ ಮಾತನ್ನ ಇಲ್ಲಿ ಮತ್ತೆ ಬರೆಯಲ್ಲ. ನೀನು ಉಣ್ಣದೆ ಮೈಸೂರು ಬಸ್ಸು ಹತ್ತಿದೆ. ನಿಮ್ಮಮ್ಮ ಕಟ್ಟಿದ್ದ ರೊಟ್ಟಿ ಇಲ್ಲೇ ಉಳೀತು, ನಿನ್ನ ನೀಲಿ ನೋಟ್ಸೂ ಉಳೀತು.

ರೊಟ್ಟಿ ನಾವು ತಿಂದ್ವಿ. ನೋಟ್ಸು ನಾನು ಓದಿದೆ. ಕೇಳದೆ ಓದಿದ್ದು ತಪ್ಪು. ಬೈಯೋಕೆ ಏನಾದ್ರೂ ಸಿಗುತ್ತೆ ಅಂತಲೇ ತೆರೆದಿದ್ದು. ಮೊದಲಿಗೆ ಕಿನ್ಸೆ ಅನ್ನೋ ಅಮೆರಿಕದವನು. ವರ್ಷಗಟ್ಟಲೆ ಕಣಜದ ಹುಳ ಅಳೆದುಕೊಂಡಿದ್ದವನು, ಆಮೇಲೆ ಸಾವಿರಾರು ಜನರನ್ನ ಕೂರಿಸಿಕೊಂಡು ಅವರ ಒಳಗಿನ ಬದುಕು ಕೇಳಿ, 1948ರಲ್ಲಿ ಗಂಡಸರ ಮೇಲೆ, 1953ರಲ್ಲಿ ಹೆಂಗಸರ ಮೇಲೆ ಪುಸ್ತಕ ತಂದನಂತೆ. ಹುಳದವನಿಗೆ ಇದ್ಯಾಕೆ ಬೇಕಿತ್ತು ಅಂತ ನಕ್ಕೆ. ನಾಲ್ಕು ಪುಟ ತಿರುವಿದೆ. ‘ಧಾತ್ ಸಿಂಡ್ರೋಮ್, ಮನೋವೈದ್ಯ ಎನ್.ಎನ್. ವಿಗ್, 1960’ ಅಂತ ನಿನ್ನ ದುಂಡು ಅಕ್ಷರ. ಕೆಳಗೆ: ಧಾತು, ಅಂದ್ರೆ ವೀರ್ಯ, ನಷ್ಟ ಆಗ್ತಿದೆ ಅನ್ನೋ ಭಯ, ಸುಸ್ತು, ಹಸಿವಿಲ್ಲ, ನಿದ್ದೆಯಿಲ್ಲ, ಪಾಪಪ್ರಜ್ಞೆ.

ಕಾಮಾಲೆ ಬಂದು ಪಿಯುಸಿ ಫೇಲಾದೆ, ಇಲ್ಲದಿದ್ರೆ ಇಂಜಿನಿಯರ್ ಆಗ್ತಿದ್ದೆ ಅಂತ ನಿನಗೆ ನೂರು ಸಲ ಹೇಳಿದೀನಿ. ಕಾಮಾಲೆ ಆಗಿರಲಿಲ್ಲ.

1986, ದಾವಣಗೆರೆ, ಬಾಡಿಗೆ ರೂಮು. ಬಸ್ ಸ್ಟ್ಯಾಂಡಿನ ಗೋಡೆ ತುಂಬ ‘ಗುಪ್ತ ರೋಗ, ನರದೌರ್ಬಲ್ಯ’. ನಲವತ್ತು ತೊಟ್ಟು ರಕ್ತ ಸೇರಿದ್ರೆ ಧಾತುವಿನ ಒಂದು ತೊಟ್ಟು ಅಂತ ರೂಮಿನ ಹುಡುಗನೊಬ್ಬ ಹೇಳಿದ. ನಿದ್ದೆಯಲ್ಲಿ ಆ ವಯಸ್ಸಿನ ಹುಡುಗರಿಗೆ ಆಗೋದು ನನಗೂ ಆಗ್ತಿತ್ತು. ಕ್ಯಾಲೆಂಡರಿನಲ್ಲಿ ಗುರುತು ಹಾಕ್ತಿದ್ದೆ. ಬೆಳಗ್ಗೆದ್ದು ರೈಲ್ವೆ ಸ್ಟೇಷನ್ನಿಗೆ ನಡೆದು, ನಾಣ್ಯ ಹಾಕೋ ತೂಕದ ಮಿಷನ್ ಮೇಲೆ ನಿಲ್ತಿದ್ದೆ. ಚೀಟಿ ಬರುತ್ತಲ್ಲ, ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ. ಊಟ ಸೇರದೆ ತೂಕ ಇಳೀತಿತ್ತು. ಇಳಿದಷ್ಟೂ ರಕ್ತವೇ ಹೋಗ್ತಿದೆ ಅಂದುಕೊಂಡೆ. ಆ ಚೀಟಿಗಳನ್ನೆಲ್ಲ ಟ್ರಂಕಿನ ತಳದಲ್ಲಿ ಇಟ್ಟಿದ್ದೆ. ಲಾಡ್ಜಿಗೆ ತಿಂಗಳಿಗೊಮ್ಮೆ ಬರೋ ವೈದ್ಯನೊಬ್ಬ ಕಪ್ಪು ಲೇಹ್ಯ ಕೊಟ್ಟ, ಅಪ್ಪ ಕಳಿಸಿದ್ದ ದುಡ್ಡು ಅಲ್ಲಿಗೆ ಹೋಯ್ತು. ಫಿಸಿಕ್ಸ್ ಪೇಪರಿನ ದಿನ ಕೈ ನಡುಗ್ತಿತ್ತು. ಗಣಿತದ ದಿನ ಪರೀಕ್ಷೆಗೆ ಹೋಗಲಿಲ್ಲ, ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದೆ. ಮಿಷನ್ ಎದುರಿಗೇ ಇತ್ತು. ಅವತ್ತು ನಾಣ್ಯ ಇರಲಿಲ್ಲ.

ನಿಮ್ಮಜ್ಜ ಏನೂ ಕೇಳಲಿಲ್ಲ. ಅಂಗಡೀಲಿ ಕೂರಿಸಿದ್ರು, ಇವತ್ತಿಗೂ ಅಲ್ಲೇ ಕೂತಿದೀನಿ. ನಿಮ್ಮಮ್ಮನಿಗೂ ಇದು ಗೊತ್ತಿಲ್ಲ, ಹೇಳಬೇಡ.

ಸ್ವಿಟ್ಜರ್ಲೆಂಡಿನ ಟಿಸೊ ಅನ್ನೋ ಡಾಕ್ಟರೂ 18ನೇ ಶತಮಾನದಲ್ಲಿ ಇದೇ ಭಯ ಹಬ್ಬಿಸಿದ್ದ ಅಂತ ಬರೆದಿದೀಯ. ಓದಿ ಸ್ವಲ್ಪ ಸಮಾಧಾನ ಆಯ್ತು, ಯಾಕೋ.

ನೋಡು, ನಾಳೆ ನಿನ್ನ ಹತ್ರ ಅಂಥ ಹುಡುಗ ಬಂದ್ರೆ ಬೆನ್ನುನೋವು ಅಂತಾನೆ, ತಲೆಸುತ್ತು ಅಂತಾನೆ. ನಗಬೇಡ. ಇಂಗ್ಲಿಷಿನಲ್ಲಿ ಶುರು ಮಾಡಬೇಡ. ‘ನಂಬಿಕೆಯನ್ನು ಹೀಯಾಳಿಸದೆ ಕೇಳಬೇಕು, ದೇಹದ ಕೆಲಸ ತಿಳಿಸಬೇಕು, ಖಿನ್ನತೆ ಇದ್ದರೆ ಔಷಧಿ’ ಅಂತ ನೀನೇ ಬರೆದಿದೀಯ, ಹಾಗೇ ಮಾಡು. ಆದ್ರೆ ಬಾಗಿಲು ತೆರೆದಿಟ್ಟು ಕೂರು. ಸಂಜೆ ಹೊತ್ತು ಒಬ್ಬಳೇ ಕೇಸು ತಗೋಬೇಡ. ಬಸ್ಸಿನಲ್ಲಿ ಫೋನಿನಲ್ಲಿ ಈ ವಿಷಯ ಜೋರಾಗಿ ಮಾತಾಡಬೇಡ, ಎಲ್ಲರ ಕಿವಿ ಒಂದೇ ಥರ ಇರಲ್ಲ. ಬೆಳಗ್ಗೆ ತಿಂಡಿ ಬಿಡಬೇಡ.

ಹೆಣ್ಣು ನೋಡೋಕೆ ಬಂದವರು ಯಾವ ಪೇಪರು ಅಂತ ಕೇಳಿದ್ರೆ ಏನು ಹೇಳೋದು ಅನ್ನೋ ಅಳುಕು ನನಗೆ ಹೋಗಿಲ್ಲ, ಸುಳ್ಳು ಹೇಳಲ್ಲ. ಅಂಗಡಿಗೆ ಬರೋರಿಗೆ ಮಗಳು ಸೈಕಾಲಜಿ ಎಂಎಸ್ಸಿ ಅಂತ ನಾನಾಗೇ ಹೇಳ್ತೀನಿ, ಕೇಳದಿದ್ರೂ. ಮೊನ್ನೆ ಒಬ್ಬರು ಕೆದಕಿದಾಗ ಮಾತ್ರ ‘ಮೆದುಳಿನ ಬಗ್ಗೆ’ ಅಂದುಬಿಟ್ಟೆ. ಭಾನುವಾರದ್ದಕ್ಕೆ ತಪ್ಪಾಯ್ತು. ನಿನ್ನ ಮಾವನಿಗೂ ಫೋನ್ ಮಾಡಿ ಹೇಳ್ತೀನಿ, ಈ ವಾರ ಆಗದಿದ್ರೆ ಮುಂದಿನ ವಾರ.

ನೋಟ್ಸು ನಾಳೆ ಬಸ್ ಪಾರ್ಸಲ್ಲಿಗೆ ಹಾಕ್ತೀನಿ. ಆ ಒಂದು ಪುಟ ಜೆರಾಕ್ಸ್ ಮಾಡಿಸೋಣ ಅಂತ ಹೊರಟಿದ್ದೆ, ಅಂಗಡಿಯ ಹುಡುಗ ಪರಿಚಯದವನು, ಬಾಗಿಲಿನಿಂದಲೇ ವಾಪಸು ಬಂದೆ. ಕೂತು ಕೈಯಲ್ಲೇ ಬರೆದುಕೊಂಡಿದೀನಿ.

ನಿನ್ನ
ಅಪ್ಪ