ಹರಿವೆಗೆ ಸೋಯಾ ಸಾಸ್ ಬೇಡ, ಪುಟ್ಟಿ

ಉಡುಪಿ
ಜೂನ್ 8

ಪ್ರೀತಿಯ ಪುಟ್ಟಿಗೆ ಚಿಕ್ಕಮ್ಮನ ಆಶೀರ್ವಾದ.

ನೀನು ಕಳಿಸಿದ ಫೋಟೋ ನೋಡಿದೆ. ಚೀನಾದ ಹಾಂಗ್‌ಝೌಗೆ ಹೋಗಿ ಮೂರೇ ತಿಂಗಳಲ್ಲಿ ಹರಿವೆ ಸೊಪ್ಪು ಹುಡುಕಿಕೊಂಡೆಯಲ್ಲ, ಖುಷಿಯಾಯಿತು. ಆದರೆ ಆ ಬಾಣಲೆಯಲ್ಲಿ ಇದ್ದದ್ದು ಏನು ಮಾರಾಯ್ತಿ? ಕಪ್ಪಗೆ, ನೀರು ನೀರು. ಸೋಯಾ ಸಾಸ್ ಹಾಕಿದೆ, ಮೆಣಸಿನ ಎಣ್ಣೆಯೂ ಹಾಕಿದೆ, ಆದರೂ ರುಚಿ ಬರಲಿಲ್ಲ ಅಂತ ಬರೆದಿದ್ದೀ. ಹಾಕಿದ್ದಕ್ಕೇ ಬರಲಿಲ್ಲ. ಚೀನೀ ಅಡುಗೆ ಅಂದರೆ ಬಾಟಲಿ ಬಗ್ಗಿಸುವುದು ಅಂತ ನಮಗೆ ಕಲಿಸಿದ್ದು ಇಲ್ಲಿನ ಗೋಬಿ ಮಂಚೂರಿ ಗಾಡಿಗಳು. ಅಲ್ಲಿನ ಮನೆಗಳಲ್ಲಿ ಹರಿವೆಗೆ ಎಣ್ಣೆ, ಬೆಳ್ಳುಳ್ಳಿ, ಉಪ್ಪು. ಅಷ್ಟೇ.

ನಾನು ಅಲ್ಲಿದ್ದ ಏಳು ವರ್ಷದಲ್ಲಿ ಮೊದಲ ವರ್ಷ ಇದೇ ತಪ್ಪು ಮಾಡಿದ್ದೆ. ಅದಕ್ಕೂ ಮೊದಲಿನ ತಪ್ಪು ಇನ್ನೂ ತಮಾಷೆಯದು. ಅಂಗಡಿಯವಳ ಹತ್ತಿರ ‘ಶಿಯೆನ್‌ತ್ಸಾಯ್’ ಕೇಳಿದರೆ ಅವಳು ಉಪ್ಪಿನಲ್ಲಿ ಹಾಕಿದ ಸಾಸಿವೆ ಸೊಪ್ಪು ತೂಗಿ ಕೊಟ್ಟಳು. ಎರಡಕ್ಕೂ ಉಚ್ಚಾರ ಒಂದೇ, ದನಿಯ ಏರಿಳಿತ ಮಾತ್ರ ಬೇರೆ. ದನಿ ಮೇಲಕ್ಕೆ ಏರಿಸಿದರೆ ಉಪ್ಪು ಸೊಪ್ಪು. ಬೈಯುವಾಗ ಇಳಿಸುವ ಹಾಗೆ ಗಕ್ಕನೆ ಇಳಿಸಿದರೆ ಹರಿವೆ. ನೀನು ಬೆರಳು ತೋರಿಸಿ ತಗೊಂಡಿರಬೇಕು, ಅಲ್ವಾ?

ತಗೊಳ್ಳುವಾಗ ಒಂದು ಜಿನ್ ತಗೋ, ಅಂದರೆ ಅರ್ಧ ಕೆಜಿ. ಜಾಸ್ತಿ ಕಾಣುತ್ತದೆ, ಬೆಂದ ಮೇಲೆ ಇಬ್ಬರಿಗೆ ಒಂದು ತಟ್ಟೆಯೂ ಕಷ್ಟ. ಎಲೆಯ ನಡುವೆ ಕೆಂಪು, ಅಂಚಿಗೆ ಹಸಿರು ಇರುವುದನ್ನೇ ಆರಿಸು. ಹೂ ತೆನೆ ಬಂದಿದ್ದರೆ ಬಲಿತಿದೆ, ಬಿಡು. ತೊಳೆಯುವಾಗ ದೊಡ್ಡ ಪಾತ್ರೆಯಲ್ಲಿ ಮುಳುಗಿಸಿ ಸೊಪ್ಪನ್ನು ಮೇಲೆತ್ತು. ನೀರು ಬಗ್ಗಿಸಿದರೆ ತಳಕ್ಕೆ ಕೂತ ಮಣ್ಣು ಮತ್ತೆ ಸೊಪ್ಪಿನ ಮೇಲೇ ಬೀಳುತ್ತದೆ. ಎರಡು ಮೂರು ಸಲ ಹೀಗೆ ಮಾಡು.

ಈಗ ಒಲೆಯ ಮಾತು. ಚೀನೀ ಸೊಪ್ಪಿನ ಅಡುಗೆ ಅಂದರೆ ಜೋರು ಉರಿ, ಅರ್ಧ ನಿಮಿಷ, ಕರುಂ ಕುರುಂ ಅನ್ನಬೇಕು ಅಂತ ನೀನು ಓದಿಕೊಂಡಿರುತ್ತೀ. ಬೇರೆ ಸೊಪ್ಪಿಗೆ ಸರಿ, ಹರಿವೆಗೆ ಅಲ್ಲ. ನಮ್ಮ ಕೆಳಗಿನ ಮನೆಯ ಆಯಿ ನನ್ನ ಕೈಯಿಂದ ಸೌಟು ಕಸಿದುಕೊಂಡು ಹೇಳಿಕೊಟ್ಟದ್ದು ಇದನ್ನೇ. (ಅಲ್ಲಿ ಅಮ್ಮನ ವಯಸ್ಸಿನ ಹೆಂಗಸರನ್ನು ‘ಆಯಿ’ ಅನ್ನಬೇಕು, ಚಿಕ್ಕಮ್ಮ ಅಂದ ಹಾಗೆ. ನಮ್ಮ ಕಾರವಾರದ ಕಡೆ ಆಯಿ ಅಂದರೆ ಅಮ್ಮ. ಕರೆಯುವಾಗ ನನಗಂತೂ ಬೇರೆ ಊರು ಅನ್ನಿಸುತ್ತಿರಲಿಲ್ಲ.) ಎಣ್ಣೆ ಸ್ವಲ್ಪ ಧಾರಾಳವಾಗಿ ಹಾಕು, ಎರಡು ದೊಡ್ಡ ಚಮಚ. ಬೆಳ್ಳುಳ್ಳಿ ಐದಾರು ಎಸಳು, ಚಾಕುವಿನ ಮೈಯಿಂದ ಜಜ್ಜಿದ್ದು. ಘಮ ಬಂದ ಕೂಡಲೇ ದಂಟು, ಆಮೇಲೆ ಎಲೆ. ಎಲೆ ಕುಸಿದ ಮೇಲೆ ಉಪ್ಪು ಹಾಕಿ, ಎರಡು ಚಮಚ ನೀರು ಚಿಮುಕಿಸಿ ಮುಚ್ಚು. ಎರಡು ಮೂರು ನಿಮಿಷ ಬೇಯಲಿ. ಮೆತ್ತಗಾಗಬೇಕು, ಕೆಂಪು ರಸ ಬಿಡಬೇಕು. ಇಳಿಸುವಾಗ ಇನ್ನೆರಡು ಎಸಳು ಹಸಿ ಬೆಳ್ಳುಳ್ಳಿ ಸಣ್ಣಗೆ ಹೆಚ್ಚಿ ಹಾಕು. ಇಷ್ಟೇ ಕೆಲಸ.

ಆ ಕೆಂಪು ರಸವನ್ನೇ ನೀನು ಬಸಿದು ಚೆಲ್ಲಿದ್ದೀ ಅಂತ ಫೋಟೋದಲ್ಲೇ ಗೊತ್ತಾಯಿತು. ಅಯ್ಯೋ! ಅಲ್ಲಿನ ಮಕ್ಕಳಿಗೆ ಹರಿವೆ ಅಂದರೆ ಆ ರಸವೇ. ಬಿಳಿ ಅನ್ನದ ಮೇಲೆ ಹುಯ್ದು, ಅನ್ನ ಗುಲಾಬಿಯಾದ ಮೇಲೇ ತಿನ್ನುವುದು. ಬೀಟ್‌ರೂಟಿಗೆ ಕೆಂಪು ಕೊಡುವ ಬಣ್ಣದ ಬಳಗವೇ ಇದರಲ್ಲೂ ಇದೆ, ನೀರು ಸಿಕ್ಕಿದರೆ ಓಡಿ ಹೋಗುತ್ತದೆ. ಸೋಯಾ ಸಾಸ್ ಬಿದ್ದರೆ ಅದರ ಚಂದ ಅಲ್ಲಿಗೆ ಮುಗಿಯಿತು. ನಾನ್‌ಜಿಂಗ್ ಕಡೆಯವರು ಐದನೇ ತಿಂಗಳ ದೋಣಿ ಹಬ್ಬಕ್ಕೆ ಐದು ಕೆಂಪು ಪದಾರ್ಥ ಊಟಕ್ಕೆ ಇಡುತ್ತಾರೆ. ಬಾತುಕೋಳಿ, ಉಪ್ಪು ಮೊಟ್ಟೆಯ ಜೊತೆಗೆ ಈ ಹರಿವೆಗೂ ಅಲ್ಲಿ ಜಾಗ ಉಂಟು. ಬಣ್ಣ ಕೆಡಿಸಿದರೆ ಹಬ್ಬಕ್ಕೆ ಸಲ್ಲುತ್ತದಾ ಹೇಳು?

ಕೈ ಕೂತ ಮೇಲೆ ಸಾರು ಮಾಡು. ದಕ್ಷಿಣದ ಗುವಾಂಗ್‌ಡಾಂಗ್‌ನವರು ಇದಕ್ಕೆ ‘ಚಿನ್ನ ಬೆಳ್ಳಿ ಮೊಟ್ಟೆ’ಯ ಹರಿವೆ ಅನ್ನುತ್ತಾರೆ. ಉಪ್ಪಿನಲ್ಲಿಟ್ಟ ಬಾತುಕೋಳಿ ಮೊಟ್ಟೆ ಒಂದು, ಕಪ್ಪು ಮೊಟ್ಟೆ ‘ಪಿದಾನ್’ ಒಂದು. ಪಿದಾನ್ ನೋಡಿ ಮೂಗು ಮುಚ್ಚಿಕೊಳ್ಳಬೇಡ. ಸಾವಿರ ವರ್ಷದ ಮೊಟ್ಟೆ ಅನ್ನುವುದು ಸುಮ್ನೆ ಮಾತು. ಸುಣ್ಣ, ಬೂದಿ, ಉಪ್ಪು ಮೆತ್ತಿ ಕೆಲವು ವಾರ ಇಟ್ಟದ್ದು, ಅಷ್ಟೇ. ಅದನ್ನು ಮೊದಲು ಐದು ನಿಮಿಷ ಹಬೆಯಲ್ಲಿಡು. ಹಳದಿ ಗಟ್ಟಿಯಾಗುತ್ತದೆ, ಸಾರು ಕದಡುವುದಿಲ್ಲ. ಇಡೀ ಬೆಳ್ಳುಳ್ಳಿ ಎಂಟು ಹತ್ತು ಎಸಳು ಸಣ್ಣ ಉರಿಯಲ್ಲಿ ಹೊಂಬಣ್ಣ ಬರುವಷ್ಟು ಹುರಿ. ಇಲ್ಲಿ ಅವಸರ ಮಾಡಿದರೆ ಕಹಿ. ಆಮೇಲೆ ಹೆಚ್ಚಿದ ಮೊಟ್ಟೆ, ಎರಡು ಲೋಟ ಕೋಳಿ ಸಾರು, ಕುದಿ ಬಂದ ಮೇಲೆ ಸೊಪ್ಪು. ಇದಕ್ಕೆ ಪೂರ್ತಿ ಹಸಿರು ಹರಿವೆ ಒಳ್ಳೆಯದು. ಉಪ್ಪು ಹಾಕುವ ಮೊದಲು ರುಚಿ ನೋಡು, ಮೊಟ್ಟೆಯ ಉಪ್ಪೇ ಸಾಕಾಗುತ್ತದೆ.

ಮುಂದಿನ ತಿಂಗಳು ನಿನ್ನ ಅಪ್ಪ ಬರುತ್ತಾರೆ ಅಂತ ಬರೆದಿದ್ದೀ. ಭಾವನಿಗೆ ಕಿಡ್ನಿ ಕಲ್ಲಿನ ತೊಂದರೆ ಇದೆಯಲ್ಲ, ಹರಿವೆಯಲ್ಲಿ ಕಲ್ಲು ಕಟ್ಟಿಸುವ ಆಕ್ಸಲೇಟ್ ಅಂಶ ಜಾಸ್ತಿ. ಅವರಿಗೆ ಮಾಡುವಾಗ ಮಾತ್ರ ಸೊಪ್ಪನ್ನು ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ ನೀರು ಚೆಲ್ಲು. ಬಣ್ಣ ಹೋದರೂ ಪರವಾಗಿಲ್ಲ. ಆದರೂ ಡಾಕ್ಟರು ಬೇಡ ಅಂದಿದ್ದರೆ ಬೇಡ, ರುಚಿ ನೋಡಲು ಒಂದು ಚಮಚ ಅಂತ ಅವರು ಗೋಗರೆದರೂ ಕೊಡಬೇಡ.

ಇನ್ನೊಂದು ಹೇಳಲೇಬೇಕು. ಹಾಂಗ್‌ಝೌ ಪಕ್ಕದಲ್ಲೇ ಶಾವ್‌ಶಿಂಗ್ ಇದೆ. ಅಲ್ಲಿ ಹರಿವೆಯನ್ನು ಕೀಳದೆ ಆಳೆತ್ತರ ಬೆಳೆಯಲು ಬಿಡುತ್ತಾರೆ. ಎಲೆ ಲೆಕ್ಕಕ್ಕಿಲ್ಲ, ಹೆಬ್ಬೆರಳು ದಪ್ಪದ ದಂಟು ಬೇಕು. ತುಂಡು ಮಾಡಿ, ನೀರಿನಲ್ಲಿ ನೆನೆಸಿ, ಜಾಡಿಯಲ್ಲಿ ಹುಳಿ ಬರಿಸಿ, ಉಪ್ಪು ನೀರಿಗೆ ಹಾಕುತ್ತಾರೆ. ವಾಸನೆ ಮಾತ್ರ ಕೇಳಬೇಡ! ನಾತದ ತೋಫು (ತೋಫು ಅಂದರೆ ಸೋಯಾ ಹಾಲಿನ ಪನೀರು) ಮಾಡುವುದೂ ಆ ನೀರಿನಲ್ಲೇ. ಆಯಿ ಅದನ್ನು ತೋಫು ಮೇಲೆ ಇಟ್ಟು ಹಬೆಯಲ್ಲಿ ಬೇಯಿಸಿ ತಂದ ದಿನ ನಾನು ಬಾಗಿಲಲ್ಲೇ ನಿಂತೆ. ಅವಳು ಒಂದು ತುಂಡು ಬಾಯಿಗಿಟ್ಟು, ಒಳಗಿನ ತಿರುಳು ಸುರ್ರನೆ ಎಳೆದು, ಸಿಪ್ಪೆ ತಟ್ಟೆಯ ಅಂಚಿಗೆ ಇಟ್ಟಳು. ನನಗೆ ನಗು ಬಂತು. ನಮ್ಮ ಅಮ್ಮ ಹರಿವೆ ದಂಟಿನ ಹುಳಿ ಮಾಡಿದ ದಿನ ನಾವು ಮಾಡುತ್ತಿದ್ದದ್ದೂ ಅದನ್ನೇ ಅಲ್ವಾ? ನಾನೂ ಕೂತೆ. ಮೊದಲ ತುಂಡು ಕಷ್ಟ, ಮೂರನೆಯದು ಕೇಳಿ ಹಾಕಿಸಿಕೊಂಡೆ.

ನೀನಿರುವ ಕಟ್ಟಡದಲ್ಲೂ ಅಂಥ ಆಯಿ ಒಬ್ಬಳಾದರೂ ಇರುತ್ತಾಳೆ. ಮೆಟ್ಟಿಲ ಹತ್ತಿರ ಕೂತು ಸೊಪ್ಪು ಬಿಡಿಸುವವಳನ್ನು ನೋಡಿದರೆ ಪಕ್ಕದಲ್ಲಿ ಕೂತು ನೀನೂ ಒಂದು ಹಿಡಿ ಬಿಡಿಸು. ಭಾಷೆ ಬರದಿದ್ದರೂ ಆಗುತ್ತದೆ.

ಮುಂದಿನ ಸಲ ಗುಲಾಬಿ ಅನ್ನದ ಫೋಟೋ ಕಳಿಸು. ಮತ್ತೆ, ಅಪ್ಪನಿಗೆ ಪಿದಾನ್ ಬಡಿಸಿದರೆ ಅದೇನು ಅಂತ ಊಟ ಮುಗಿದ ಮೇಲೆ ಹೇಳು, ಮೊದಲೇ ಹೇಳಬೇಡ.

ನಿನ್ನ
ಚಿಕ್ಕಮ್ಮ