ತಾತನ ಲೆಕ್ಕ

ಪುಟ್ಟಿ,

ತಾತನಿಗೆ ಜಾಸ್ತಿಯಾದಾಗಲೇ ಯಾಕೆ ತಿಳಿಸಲಿಲ್ಲ ಅಂತ ನಿನ್ನೆ ಫೋನಿನಲ್ಲಿ ಅಳುತ್ತಾ ಕೇಳಿದೆ. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಹೊಸ ಕೆಲಸ, ರಜೆ ಸಿಗಲ್ಲ ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ತಪ್ಪಾಯಿತು ಮಗಳೇ. 101 ವರ್ಷ ಬದುಕಿದವರು ಇನ್ನೊಂದು ವಾರ ಇದ್ದೇ ಇರುತ್ತಾರೆ ಅಂದುಕೊಂಡಿದ್ದೆ.

ಇವತ್ತು ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಟ್ಟೆವು. ಬರುವಾಗ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ಹತ್ತಿರ ಕಾರು ನಿಲ್ಲಿಸಿದೆ. ನನಗೆ ಒಂಬತ್ತು ವರ್ಷವಿದ್ದಾಗ ಅಲ್ಲಿ ನಡೆಯುತ್ತಾ "ಅಪ್ಪಾ, ಮೀನು ನೋಡು" ಅಂತ ಅವರ ಕೈ ಜಗ್ಗಿದ್ದೆ. ಅವರ ಹೆಜ್ಜೆ ಲೆಕ್ಕ ತಪ್ಪಿತು. ಬೈಯಲಿಲ್ಲ. ಸೇತುವೆಯ ಆ ತುದಿಗೆ ವಾಪಸ್ ಹೋಗಿ ಒಂದರಿಂದ ಶುರು ಮಾಡಿದರು. ಉರಿಬಿಸಿಲು. ಬೆವರು ಕೂಡ ಒರೆಸಿಕೊಳ್ಳಲಿಲ್ಲ. ನನಗೆ ಭಯವಾಗಿತ್ತು.

ಯಾಕೆ ಹಾಗೆ ಎಣಿಸುತ್ತಿದ್ದರು ಅಂತ ತಾತ ಹೇಳಿದ್ದು ಹೋದ ತಿಂಗಳು. ಎರಡನೇ ಮಹಾಯುದ್ಧದ ಹೊತ್ತಿಗೆ ಬರ್ಮಾದಲ್ಲಿ ಅವರದು ಮದ್ರಾಸ್ ಸ್ಯಾಪರ್ಸ್, ಸೇನೆಗೆ ರಸ್ತೆ, ಸೇತುವೆ ಕಟ್ಟಿಕೊಡುವ ದಳ. ಉಕ್ಕಿನ ಚೌಕಟ್ಟುಗಳನ್ನು ಜೋಡಿಸಿ ಕಟ್ಟುವ ಬೈಲಿ ಸೇತುವೆಯ ಒಂದು ಪ್ಯಾನೆಲ್ ಹತ್ತಡಿ ಉದ್ದ, ಸುಮಾರು 260 ಕೆಜಿ. ಆರು ಜನ ಸೇರಿ ಎತ್ತಬೇಕು. ಒಂದು ಮಳೆ ರಾತ್ರಿ ಹೊಳೆ ದಾಟಿದ ಮೇಲೆ ತಲೆ ಎಣಿಸುವ ಕೆಲಸ ತಾತನ ಪಾಲಿಗೆ ಬಂತು. ಕತ್ತಲಲ್ಲಿ ಎಣಿಸಿ, ಸರಿ ಇದೆ ಅಂದರಂತೆ. ಬೆಳಗಾದಾಗ ಇವರ ಜೊತೆ ಹೊರುತ್ತಿದ್ದ ಆರನೆಯವನು ಇರಲಿಲ್ಲ. ಅವನ ಹೆಸರು ಹೇಳಿದರು. ನನಗೆ ಸರಿಯಾಗಿ ಕೇಳಿಸಲಿಲ್ಲ. ಅಷ್ಟರಲ್ಲಿ ಕಣ್ಣು ಮುಚ್ಚಿದ್ದರು. ನಾಳೆ ಕೇಳೋಣ ಅಂತ ಸುಮ್ಮನಾದೆ. ಆಮೇಲೆ ಕೇಳಲೇ ಇಲ್ಲ. ಎಂಬತ್ತು ವರ್ಷ ಅವರು ಹೊತ್ತಿದ್ದ ಹೆಸರು ಅದು.

1944ರ ಡಿಸೆಂಬರಿನಲ್ಲಿ ಅವರ 14ನೇ ಸೇನೆ ಕಲೇವಾದಲ್ಲಿ ಚಿಂದ್ವಿನ್ ನದಿಗೆ 1,154 ಅಡಿಯ ಬೈಲಿ ಸೇತುವೆ ಹಾಕಿತು. ಆಗ ಜಗತ್ತಿನಲ್ಲೇ ಉದ್ದದ ಬೈಲಿ ಸೇತುವೆ ಅದು. ನೀನು ಸಿವಿಲ್ ತಗೊಂಡಾಗ ಅದನ್ನೇ ಊರೆಲ್ಲಾ ಹೇಳಿಕೊಂಡು ಬಂದರು, ನಮ್ಮ ಮೊಮ್ಮಗಳೂ ಸೇತುವೆ ಕಟ್ಟುತ್ತಾಳೆ ಅಂತ.

ಸೈಟಿನಲ್ಲಿ ನಿನ್ನ ಕೈಕೆಳಗೆ ದುಡಿಯುವವರ ಹೆಸರು ಕೇಳಿ ತಿಳಿದುಕೋ. ಬಾಯಲ್ಲಿ ತಿರುಗದಿದ್ದರೆ ಬರೆದಿಟ್ಟುಕೋ. ಸಂಜೆ ಎಲ್ಲರೂ ಹೊರಗೆ ಬಂದರಾ ಅಂತ ಬೆಳಕಿರುವಾಗಲೇ ನೋಡು. ಇನ್ನೊಬ್ಬರು ಸರಿ ಇದೆ ಅಂದರು ಅಂತ ನಂಬಬೇಡ. ನೀನೂ ಹೆಲ್ಮೆಟ್ ತೆಗೆಯಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಷ್ಟು ದೂರದಲ್ಲಿದ್ದೀಯ, ರಾತ್ರಿ ಎಚ್ಚರವಾದರೆ ನನಗೆ ಇದೇ ಯೋಚನೆ.

ಅವರ ಬರ್ಮಾ ಸ್ಟಾರ್ ಪದಕ ನಿನಗೆ ಅಂತ ತೆಗೆದಿಟ್ಟಿದ್ದೇನೆ. ರಜೆ ಸಿಕ್ಕಾಗ ಬಾ. ಅದಕ್ಕೂ ಮೊದಲು ಅಮ್ಮನ ಹತ್ತಿರ ಮಾತಾಡು. ಅವಳು ಫೋನ್ ಹಿಡಿದುಕೊಂಡೇ ಕೂತಿದ್ದಳು. ಮಾಡಬೇಡ ಅಂದಿದ್ದು ನಾನು.

ನಿನ್ನ
ಅಪ್ಪ