ಸಂಸ್ಕಾರದ ಗುತ್ತಿಗೆದಾರರು

ಮಾನ್ಯ ಸಂಪಾದಕರೇ,

ಚುನಾವಣೆ ಬಂದರೆ ಸಾಕು, ವೇದಿಕೆಗಳಲ್ಲಿ ಸಂಸ್ಕಾರ, ಕುಟುಂಬ, ಮಾತೃಶಕ್ತಿಯ ಮಾತು ಧಾರಾಳ. ಹೆಣ್ಣುಮಕ್ಕಳ ಉಡುಪಿನಲ್ಲಿ ನಾಡಿನ ಮಾನ ಹುಡುಕುವ ಈ ಮಹನೀಯರಿಗೆ 2012ರ ಫೆಬ್ರುವರಿ ನೆನಪಿದೆಯೇ? ವಿಧಾನಸಭೆಯ ಕಲಾಪದ ನಡುವೆಯೇ ಬಿಜೆಪಿ ಸರ್ಕಾರದ ಸಚಿವರು ಮೊಬೈಲ್‌ನಲ್ಲಿ ಅಶ್ಲೀಲ ದೃಶ್ಯ ನೋಡುತ್ತಿದ್ದುದು ಟಿ.ವಿ. ಕ್ಯಾಮೆರಾಗಳಿಗೆ ಸಿಕ್ಕಿತು. ರೇವ್ ಪಾರ್ಟಿಯ ಬಗ್ಗೆ ತಿಳಿಯಲು ನೋಡಿದ್ದೆಂಬ ಸಮಜಾಯಿಷಿ ಬೇರೆ! ಮೂವರು ರಾಜೀನಾಮೆ ಕೊಟ್ಟರು. ಅವರಲ್ಲೊಬ್ಬರು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರು.

ಆಮೇಲೇನಾಯಿತು? ಆ ಮೂವರಲ್ಲಿ ಇನ್ನೊಬ್ಬರಾದ ಲಕ್ಷ್ಮಣ ಸವದಿ 2018ರ ಚುನಾವಣೆಯಲ್ಲಿ ಸೋತರೂ ಮರುವರ್ಷ ಉಪಮುಖ್ಯಮಂತ್ರಿಯಾದರು. ಅಂದು ಸದನದಲ್ಲಿ ಹರಿಹಾಯ್ದಿದ್ದ ಕಾಂಗ್ರೆಸ್, 2023ರಲ್ಲಿ ಅವರನ್ನೇ ಬರಮಾಡಿಕೊಂಡು ಅಥಣಿಯ ಟಿಕೆಟ್ ಕೊಟ್ಟು ಗೆಲ್ಲಿಸಿಕೊಂಡಿತು.

ಒಬ್ಬ ಓದುಗ, ಧಾರವಾಡ